ಗ್ರಾಫಿಕ್ಸ್ ಕಾರ್ಡ್ ರೇಟ್ ಏರಿದ್ದೇಕೆ? ಮನೆ ಕಂಪ್ಯೂಟರಿಗೆ ಕಾರ್ಡ್ ಹಾಕಿಸೋ ಮುಂಚೆ ಇಷ್ಟು ಲೆಕ್ಕ ಹಾಕಿ

ದಾವಣಗೆರೆ: ಪಿ.ಬಿ. ರಸ್ತೆಯ ಒಂದು ಕಂಪ್ಯೂಟರ್ ಅಂಗಡಿ. ಜಗಳೂರು ಕಡೆಯ ರೈತರೊಬ್ಬರು ಮಗನ ಜೊತೆ ಬಂದು ಕೂತಿದ್ದರು. ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಅಪ್ಪನ ಜೇಬಲ್ಲಿ ಮೆಕ್ಕೆಜೋಳದ ದುಡ್ಡು, ಮಗನ ಕೈಯಲ್ಲಿ ಹಿಂದಿನ ತಿಂಗಳು ಅದೇ ಅಂಗಡಿಯವರು ಬರೆದುಕೊಟ್ಟಿದ್ದ ಕೊಟೇಷನ್ ಚೀಟಿ.

ಅಂಗಡಿಯವರು ಚೀಟಿ ನೋಡಿ ವಾಪಸ್ ಕೊಟ್ಟರು. "ಯಜಮಾನ್ರೆ, ಇದು ಹಳೇ ರೇಟು. ರ‍್ಯಾಮ್ ಡಬಲ್ ದಾಟೈತಿ, ಕಾರ್ಡೂ ಏರೈತಿ. ಇವತ್ತು ಹೇಳೋ ರೇಟು ಇವತ್ತು ಸಂಜೆ ತನಕ ಅಷ್ಟೇ."

ಅಪ್ಪ ಮಗನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು. "ಈ ಕಾರ್ಡ್ ಇಲ್ದಿದ್ರೆ ಓದಾಕ ಆಗಂಗಿಲ್ಲೇನಪ್ಪಾ?"

ಮಗ ಉತ್ತರ ಹೇಳಲಿಲ್ಲ. ಆದರೆ ಇವತ್ತು ಕೇಳಬೇಕಾದ ಪ್ರಶ್ನೆ ಅದೇ. "ಯಾವ ಕಾರ್ಡ್ ಒಳ್ಳೇದು" ಅನ್ನೋದು ಆಮೇಲಿನ ಮಾತು. ಕಾರ್ಡ್ ಬೇಕಾ, ಬೇಕಾದರೆ ಈಗಲೇ ಬೇಕಾ, ಮನೆಯ ಕಂಪ್ಯೂಟರ್ ಮತ್ತು ಮನೆಯ ಕರೆಂಟು ಅದನ್ನ ತಡೆದುಕೊಳ್ಳುತ್ತಾ ಅನ್ನೋದು ಮೊದಲು.

ರೇಟ್ ಏರಿದ್ದು ಎಲ್ಲಿಂದ?

ಇದು ನಮ್ಮೂರಿನ ಅಂಗಡಿಯವರು ಏರಿಸಿದ ರೇಟಲ್ಲ. ಗ್ರಾಫಿಕ್ಸ್ ಕಾರ್ಡ್ ಅಂದರೆ ಬರೀ ಎನ್‌ವಿಡಿಯಾ ಅಥವಾ ಎಎಂಡಿ ಚಿಪ್ ಅಲ್ಲ, ಅದರ ಸುತ್ತ ಕೂರಿಸಿದ ಮೆಮೊರಿಯೂ ಸೇರಿ. ಆ ಮೆಮೊರಿಯನ್ನ ಜಗತ್ತಿಗೆಲ್ಲ ಮಾಡಿಕೊಡೋರು ಮುಖ್ಯವಾಗಿ ಮೂರೇ ಕಂಪನಿ: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಅಮೆರಿಕದ ಮೈಕ್ರಾನ್. ಕಂಪ್ಯೂಟರಿನ ರ‍್ಯಾಮ್, ಮೊಬೈಲಿನ ರ‍್ಯಾಮ್, ಕಾರ್ಡಿನ ಮೆಮೊರಿ ಎಲ್ಲಾ ಇವರ ಕಾರ್ಖಾನೆಯದ್ದೇ.

ಎಐ ಡೇಟಾ ಸೆಂಟರುಗಳಿಗೆ ಎಚ್‌ಬಿಎಂ ಅನ್ನೋ ಬೇರೆ ಥರದ ಮೆಮೊರಿ ಬೇಕು. ಅಷ್ಟೇ ಜಿಬಿಯ ಮಾಮೂಲಿ ರ‍್ಯಾಮಿಗೆ ಹೋಲಿಸಿದರೆ ಎಚ್‌ಬಿಎಂ ಕಾರ್ಖಾನೆಯಲ್ಲಿ ಸುಮಾರು ಮೂರು ಪಟ್ಟು ಜಾಗ ನುಂಗುತ್ತೆ. ಲಾಭವೂ ಅದರಲ್ಲೇ ಜಾಸ್ತಿ. ನಮ್ಮ ಕಡೆ ನೀರಾವರಿ ಹೊಲಕ್ಕೆಲ್ಲ ಅಡಿಕೆ ಸಸಿ ಬಿದ್ದ ಹಾಗೆ ಇದು. ಅಡಿಕೆಗೆ ಕಾಸು ಜಾಸ್ತಿ ಅಂತ ಎಲ್ಲರೂ ಅಡಿಕೆ ಹಾಕಿದರೆ ಭತ್ತ ಬೆಳೆಯೋ ಹೊಲ ಕಮ್ಮಿಯಾಗುತ್ತೆ.

2025ರ ಅಕ್ಟೋಬರ್ ಆರಂಭದಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್ ಜೊತೆ ಪೂರೈಕೆಯ ಮಾತುಕತೆ ಮಾಡಿಕೊಂಡಿತು. ಅದರ ಗುರಿ ತಿಂಗಳಿಗೆ 9 ಲಕ್ಷ ಮೆಮೊರಿ ವೇಫರ್ ತನಕ. ಅದೇ ವರ್ಷ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ 'ಕ್ರೂಷಿಯಲ್' ಬ್ರಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ನಮ್ಮೂರ ಅಂಗಡಿಗಳಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಅಂದರೆ ಎಷ್ಟೋ ಜನ ಕೇಳಿ ತಗೊಳ್ಳುತ್ತಿದ್ದ ಬ್ರಾಂಡ್ ಅದು.

ಹಿಂದೆ 2020-21ರಲ್ಲೂ ಕಾರ್ಡಿನ ರೇಟ್ ಹೀಗೇ ಏರಿತ್ತು. ಆಗ ಎಥೀರಿಯಂ ಅನ್ನೋ ಕ್ರಿಪ್ಟೊ ನಾಣ್ಯದ ಮೈನಿಂಗ್ ಮಾಡೋರು ಅಂಗಡಿಯಲ್ಲಿದ್ದ ಕಾರ್ಡ್ ಬಾಚಿಕೊಂಡು ಹೋಗುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ವಿಧಾನ ಬದಲಿಸಿದ ಮೇಲೆ ಆ ಬೇಡಿಕೆ ಬಿದ್ದುಹೋಯ್ತು, ಸೆಕೆಂಡ್ ಹ್ಯಾಂಡ್ ಕಾರ್ಡುಗಳು ರಾಶಿ ಬಿದ್ದವು. ಈ ಸಲ ಕಥೆ ಸ್ವಲ್ಪ ಬೇರೆ. ಹೊಸ ಮೆಮೊರಿ ಕಾರ್ಖಾನೆ ಕಟ್ಟಿ ಮಾಲು ಹೊರಗೆ ತರೋಕೆ ವರ್ಷಗಳೇ ಬೇಕು. "ಮುಂದಿನ ತಿಂಗಳು ಇಳಿಯುತ್ತೆ" ಅಂತ ಕಾಯೋದರಲ್ಲಿ ಅರ್ಥ ಇಲ್ಲ. "ಮುಂದಿನ ತಿಂಗಳು ಇನ್ನೂ ಏರುತ್ತೆ" ಅಂತ ಹೆದರಿ ಸಾಲ ಮಾಡಿ ತಗೊಳ್ಳೋದರಲ್ಲೂ ಅರ್ಥ ಇಲ್ಲ. ನಿಮ್ಮ ಕೆಲಸಕ್ಕೆ ಬೇಕಾ ಅನ್ನೋದೇ ತೀರ್ಮಾನ ಆಗಬೇಕು.

ಓದೋ ಮಕ್ಕಳಿಗೆ ಕಾರ್ಡ್ ಬೇಕಾ?

ಪ್ರೋಗ್ರಾಮಿಂಗ್ ಕಲಿಯೋಕೆ ಗ್ರಾಫಿಕ್ಸ್ ಕಾರ್ಡ್ ಬೇಡ. ಸಿ, ಜಾವಾ, ಪೈಥಾನ್, ವೆಬ್‌ಸೈಟ್ ಮಾಡೋದು, ಡೇಟಾಬೇಸ್, ಇವೆಲ್ಲಾ ಪ್ರೊಸೆಸರ್ ಒಳಗೇ ಇರೋ ಗ್ರಾಫಿಕ್ಸಿನಲ್ಲಿ ನಡೆಯುತ್ತೆ. ಸಿವಿಲ್, ಮೆಕ್ಯಾನಿಕಲ್ ಮಕ್ಕಳ ಆಟೋಕ್ಯಾಡ್ 2ಡಿ ಡ್ರಾಯಿಂಗೂ ಅಷ್ಟೇ. ಈ ಮಕ್ಕಳಿಗೆ ಕಾರ್ಡಿಗಿಂತ 16 ಜಿಬಿ ರ‍್ಯಾಮ್ ಮತ್ತು ಒಂದು ಎಸ್‌ಎಸ್‌ಡಿ ಮುಖ್ಯ.

ಎಐ, ಮಷಿನ್ ಲರ್ನಿಂಗ್ ವಿಷಯ ತಗೊಂಡವರಿಗೆ ಕಾರ್ಡ್ ಉಪಯೋಗ ನಿಜ. ಆದರೆ ಕಲಿಯೋ ಹಂತದಲ್ಲಿ ಗೂಗಲ್ ಕೊಲ್ಯಾಬ್, ಕ್ಯಾಗಲ್ ಥರದ ಜಾಗದಲ್ಲಿ ದುಡ್ಡು ಕೊಡದೆ ದೊಡ್ಡ ಕಾರ್ಡ್ ಬಳಸಬಹುದು. ಕ್ಯಾಗಲ್ ಒಂದರಲ್ಲೇ ವಾರಕ್ಕೆ ಸುಮಾರು 30 ಗಂಟೆ ಸಿಗುತ್ತೆ. ಬೇಕಾಗಿರೋದು ಇಂಟರ್ನೆಟ್ ಮಾತ್ರ. ಕೊನೇ ವರ್ಷದ ಪ್ರಾಜೆಕ್ಟ್ ಹೊತ್ತಿಗೆ ನಿಜವಾಗಲೂ ಬೇಕು ಅನಿಸಿದರೆ ಆಗ ಹಾಕಿಸಿದರಾಯ್ತು.

ಇಲ್ಲಿ ಒಂದು ಎಚ್ಚರಿಕೆ. "ಕಾರ್ಡ್ ಆಮೇಲೆ ಹಾಕಿಸ್ತೀವಿ" ಅನ್ನೋರು ಪ್ರೊಸೆಸರ್ ಹೆಸರಿನ ಕೊನೇ ಅಕ್ಷರ ನೋಡಲೇಬೇಕು. ಇಂಟೆಲ್‌ನಲ್ಲಿ 12400ಎಫ್ ಹೀಗೆ ಕೊನೆಗೆ 'ಎಫ್' ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಸ್ಕ್ರೀನೇ ಬರಲ್ಲ. ಎಎಂಡಿಯಲ್ಲಿ ರೈಜನ್ 5600ಕ್ಕೆ ಒಳಗೆ ಗ್ರಾಫಿಕ್ಸ್ ಇಲ್ಲ, 5600ಜಿಗೆ ಇದೆ. ಒಂದು ಅಕ್ಷರದ ವ್ಯತ್ಯಾಸ, ಆದರೆ ಕಾರ್ಡನ್ನ ಮುಂದೂಡಬಹುದೋ ಇಲ್ಲವೋ ಅನ್ನೋದು ಅದರ ಮೇಲೇ ನಿಂತಿದೆ.

ಜಗಳೂರಿನ ಆ ಯಜಮಾನ್ರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಓದೋಕೆ ಆಗುತ್ತೆ. ಗ್ರಾಫಿಕ್ಸ್ ಒಳಗೇ ಇರೋ ಪ್ರೊಸೆಸರ್ ಹಾಕಿಸಿ, ಕಾರ್ಡಿನ ದುಡ್ಡು ಸದ್ಯಕ್ಕೆ ಉಳಿಸಿಕೊಳ್ಳಬಹುದು.

ಮದುವೆ ವಿಡಿಯೊದವರ ಲೆಕ್ಕ ಬೇರೆ

ನಮ್ಮ ಜಿಲ್ಲೆಯಲ್ಲಿ ಕಾರ್ಡ್ ಹಾಕಿ ದುಡಿಯೋರು ಅಂದರೆ ಮುಖ್ಯವಾಗಿ ಮದುವೆ ಫೋಟೊ, ವಿಡಿಯೊ ಸ್ಟುಡಿಯೊದವರು. ಮನೆಯ ಒಂದು ಕೋಣೆಯಲ್ಲೇ ಎಡಿಟಿಂಗ್ ಮಾಡಿಕೊಡೋ ಹುಡುಗರೂ ಬಹಳ ಜನ ಇದ್ದಾರೆ. ಇವರಿಗೆ ಕಾರ್ಡ್ ಶೋಕಿ ಅಲ್ಲ. ಸೀಸನ್‌ನಲ್ಲಿ ಒಂದು ವಿಡಿಯೊ ಎರಡು ದಿನ ತಡವಾದರೆ ಮುಂದಿನ ಆರ್ಡರ್ ಕೈತಪ್ಪುತ್ತೆ.

ಇವರು ನೋಡಬೇಕಾದ್ದು ಗೇಮಿನ ಎಫ್‌ಪಿಎಸ್ ಅಲ್ಲ. ಈಗಿನ ಕ್ಯಾಮೆರಾಗಳು '10 ಬಿಟ್, 4:2:2' ಅನ್ನೋ ರೀತಿಯಲ್ಲಿ ವಿಡಿಯೊ ಹಿಡಿಯುತ್ತವೆ. ಬಣ್ಣ ಚೆನ್ನಾಗಿ ಬರುತ್ತೆ, ಆದರೆ ಟೈಮ್‌ಲೈನ್ ಮೇಲೆ ಎಳೆದರೆ ಹಳೇ ಸಿಸ್ಟಂ ನಿಂತುನಿಂತು ಓಡುತ್ತೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿ ತನಕದ ಕಾರ್ಡುಗಳಿಗೆ ಈ ಥರದ ವಿಡಿಯೊ ಬಿಡಿಸಿ ಓದೋ ಹಾರ್ಡ್‌ವೇರ್ ಇಲ್ಲ. 50 ಸರಣಿಯಲ್ಲಿ ಇದೆ. ಅಂದರೆ ಈ ಒಂದು ಕೆಲಸದಲ್ಲಿ ಹೆಚ್ಚು ದುಡ್ಡಿನ ಹಳೇ 40 ಸರಣಿ ಕಾರ್ಡಿಗಿಂತ ಕಡಿಮೆ ದರ್ಜೆಯ ಹೊಸ 5060 ಅನುಕೂಲ.

ಕಾರ್ಡ್ ಬದಲಿಸದೆಯೂ ದಾರಿ ಇದೆ. ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ, 'ಎಫ್' ಅಲ್ಲದ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸು ಎಚ್‌ಇವಿಸಿ ಮಾದರಿಯ 4:2:2 ವಿಡಿಯೊ ಓದುತ್ತೆ. ಅದು ಬಯಾಸ್‌ನಲ್ಲಿ ಆಫ್ ಆಗಿದ್ದರೆ ಆನ್ ಮಾಡಿಸಿ ನೋಡಿ. ಅದೂ ಇಲ್ಲ ಅಂದರೆ ಪ್ರಾಕ್ಸಿ ಮಾಡಿಕೊಂಡು ಎಡಿಟ್ ಮಾಡಿ. ರಾತ್ರಿ ಪ್ರಾಕ್ಸಿ ಹಾಕಿ ಮಲಗಿದರೆ ಬೆಳಿಗ್ಗೆ ಕೆಲಸ ಸಲೀಸು. ಈ ಎರಡನ್ನೂ ಮಾಡಿ ನೋಡಿದ ಮೇಲೂ ಕೆಲಸ ನಿಲ್ಲುತ್ತಿದ್ದರೆ ಕಾರ್ಡಿಗೆ ಹಾಕೋ ದುಡ್ಡು ದುಡಿಮೆಗೆ ಹಾಕಿದ ಹಾಗೆ.

8 ಜಿಬಿನಾ, 16 ಜಿಬಿನಾ?

ಹೆಸರು ಒಂದೇ, ಒಳಗಿನ ಮಾಲು ಎರಡು. ಇದು ಗಿರಾಕಿಗಳು ಹೆಚ್ಚು ಮೋಸ ಹೋಗೋ ಜಾಗ. 2025ರ ಏಪ್ರಿಲ್‌ನಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಕಾರ್ಡ್ 8 ಜಿಬಿಯಲ್ಲೂ ಇದೆ, 16 ಜಿಬಿಯಲ್ಲೂ ಇದೆ. ಬಿಡುಗಡೆ ಹೊತ್ತಿನ ಬೆಲೆ ಅಮೆರಿಕದಲ್ಲಿ 379 ಮತ್ತು 429 ಡಾಲರ್. ಜೂನ್‌ನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೇ: 8 ಜಿಬಿಗೆ 299, 16 ಜಿಬಿಗೆ 349 ಡಾಲರ್. ಎರಡರಲ್ಲೂ ವ್ಯತ್ಯಾಸ 50 ಡಾಲರ್, ಆಗಿನ ಲೆಕ್ಕಕ್ಕೆ ತೆರಿಗೆ ಬಿಟ್ಟು ಸುಮಾರು 4,300 ರೂಪಾಯಿ.

ಆಗ ಕೇಳಿದ್ದರೆ ಕಣ್ಣುಮುಚ್ಚಿ 16 ಜಿಬಿ ತಗೊಳ್ಳಿ ಅನ್ನಬಹುದಿತ್ತು. ಈಗ ಮೆಮೊರಿಯೇ ತುಟ್ಟಿ. 16 ಜಿಬಿ ಕಾರ್ಡಲ್ಲಿ ಡಬಲ್ ಮೆಮೊರಿ ಇರೋದರಿಂದ ಏರಿಕೆಯ ಹೊಡೆತವೂ ಅದಕ್ಕೇ ಜಾಸ್ತಿ. ಹಾಗಾಗಿ ಅಂಗಡಿಯಲ್ಲಿ ಎರಡರ ರೇಟೂ ಕೇಳಿ, ನಡುವಿನ ಅಂತರ ನೋಡಿ ತೀರ್ಮಾನ ಮಾಡಿ:

- ಮನೆಯಲ್ಲೇ ಎಐ ಮಾಡೆಲ್ ಓಡಿಸೋರಿಗೆ, 4ಕೆ ವಿಡಿಯೊದಲ್ಲಿ ಎಫೆಕ್ಟ್ ಜಾಸ್ತಿ ಹಾಕೋರಿಗೆ, ಬ್ಲೆಂಡರ್‌ನಂಥ 3ಡಿ ಕೆಲಸದವರಿಗೆ 16 ಜಿಬಿಯೇ ಸರಿ. ಮೆಮೊರಿಯಲ್ಲಿ ಹಿಡಿಸದ ಕೆಲಸ ನಿಧಾನ ಆಗುತ್ತೆ, ಕೆಲವು ಸಲ ಓಡೋದೇ ಇಲ್ಲ.
- 1080ಪಿ ಸ್ಕ್ರೀನಿನಲ್ಲಿ ಗೇಮ್ ಆಡೋರಿಗೆ, ಸೆಟ್ಟಿಂಗ್ ಸ್ವಲ್ಪ ಇಳಿಸೋಕೆ ಬೇಜಾರಿಲ್ಲದಿದ್ದರೆ, 8 ಜಿಬಿ ನಡೆಯುತ್ತೆ.
- ನಡುವಿನ ದಾರಿಗೆ ಇಂಟೆಲ್ ಆರ್ಕ್ ಬಿ580 ಇದೆ, 12 ಜಿಬಿ. ಆದರೆ ಹಳೇ ಬೋರ್ಡಿಗೆ ಇದು ಆಗಿಬರಲ್ಲ. 'ರೀಸೈಜಬಲ್ ಬಾರ್' ಅನ್ನೋ ಸೌಲಭ್ಯ ಬೋರ್ಡಲ್ಲಿ ಇಲ್ಲದಿದ್ದರೆ ಅದರ ವೇಗ ಬಹಳ ಇಳಿಯುತ್ತೆ.

ಏಳೆಂಟು ವರ್ಷದ ಹಿಂದಿನ ಬೋರ್ಡಿಗೆ ಹೊಸ ಕಾರ್ಡ್ ಹಾಕೋರು ಇನ್ನೊಂದು ನೋಡಿಕೊಳ್ಳಿ. 5060 ಮತ್ತು 5060 ಟಿಐ ಕಾರ್ಡುಗಳು ಬೋರ್ಡಿನ ಜೊತೆ 8 ದಾರಿಯಲ್ಲಿ ಮಾತ್ರ ಮಾತಾಡುತ್ತವೆ, 9060 ಎಕ್ಸ್‌ಟಿ 16 ದಾರಿಯಲ್ಲಿ. ಬೋರ್ಡ್ ಹಳೇ ಪಿಸಿಐಇ 3.0 ಆಗಿದ್ದರೆ, ಅದರಲ್ಲೂ 8 ಜಿಬಿ ತುಂಬಿ ಹೋದಾಗ, ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.

ಕರೆಂಟಿನ ಲೆಕ್ಕ ಯಾರೂ ಹೇಳಲ್ಲ

ಯೂಟ್ಯೂಬಿನಲ್ಲಿ ಕಾರ್ಡ್ ರಿವ್ಯೂ ಮಾಡೋರ ಮನೆಯಲ್ಲಿ ವೋಲ್ಟೇಜ್ ಏರಿಳಿಯಲ್ಲ. ನಮ್ಮಲ್ಲಿ ಬೇಸಿಗೆ ಬಂತು ಅಂದರೆ, ಅದರಲ್ಲೂ ಪಂಪ್‌ಸೆಟ್ ಓಡೋ ಹೊತ್ತಿನಲ್ಲಿ, ಹಳ್ಳಿ ಲೈನಿನ ಕಥೆ ಎಲ್ಲರಿಗೂ ಗೊತ್ತು.

ಮನೆಗಳಲ್ಲಿ ಕಂಪ್ಯೂಟರಿಗೆ ಸಾಮಾನ್ಯವಾಗಿ ಇರೋದು 600 ವಿಎ ಯುಪಿಎಸ್. ಅದು ಹೊರೋದು ಸುಮಾರು 360 ವ್ಯಾಟ್. ಈಗ ಕೂಡಿಸಿ ನೋಡಿ. 5060 ಕಾರ್ಡ್ 145 ವ್ಯಾಟ್, 9060 ಎಕ್ಸ್‌ಟಿ 16 ಜಿಬಿ 160, 5060 ಟಿಐ 180, ಆರ್ಕ್ ಬಿ580 190. ಇದರ ಮೇಲೆ ಪ್ರೊಸೆಸರಿಗೆ 100, ಮಾನಿಟರಿಗೆ 30, ಬೋರ್ಡು, ಫ್ಯಾನು, ಡಿಸ್ಕಿಗೆ 50 ಅಂತ ಹಿಡಿದರೂ 325ರಿಂದ 370 ವ್ಯಾಟ್. ಕೆಲಸ ಜೋರಾಗಿ ನಡೆಯುವಾಗ ಕರೆಂಟ್ ಹೋದರೆ ಯುಪಿಎಸ್ 'ಟುಯ್' ಅಂದು ಕೈಬಿಡುತ್ತೆ. ರೆಂಡರ್ ಆಗುತ್ತಿದ್ದ ವಿಡಿಯೊ ಹೋಯ್ತು, ಕೆಲವು ಸಲ ಡಿಸ್ಕೂ ಹೋಯ್ತು. ಕಾರ್ಡ್ ಹಾಕಿಸೋರು ಕನಿಷ್ಠ 1000 ಅಥವಾ 1100 ವಿಎ ಯುಪಿಎಸ್ ಖರ್ಚನ್ನೂ ಸೇರಿಸಿಯೇ ಬಜೆಟ್ ಮಾಡಬೇಕು.

ಇನ್ವರ್ಟರ್ ಮೇಲೆ ಓಡಿಸೋರು ಅದರ ಹಿಂದಿರೋ ಸ್ವಿಚ್ 'ಯುಪಿಎಸ್' ಕಡೆ ಇದೆಯಾ ನೋಡಿ, ಇಲ್ಲದಿದ್ದರೆ ಕರೆಂಟ್ ಬದಲಾಗೋ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ. ಒಳ್ಳೇ ಎಸ್‌ಎಂಪಿಎಸ್‌ಗಳಿಗೆ ಸೈನ್ ವೇವ್ ಇನ್ವರ್ಟರೇ ಒಗ್ಗೋದು. ಅರ್ಥಿಂಗ್ ಸರಿ ಇಲ್ಲದ ಮನೆಯಾದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಆಮೇಲೆ ಕಾರ್ಡ್.

ಇನ್ನು ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರೋ ಡಬ್ಬದ ಮೇಲೆ 450 ವ್ಯಾಟ್ ಅಂತ ಸ್ಟಿಕ್ಕರ್ ಇರುತ್ತೆ, ಕಾರ್ಡಿಗೆ ಬೇಕಾದ 8 ಪಿನ್ ವೈರ್ ಎಷ್ಟೋ ಸಲ ಇರಲ್ಲ. "ಕನ್ವರ್ಟರ್ ಹಾಕಿ ಕೊಡ್ತೀನಿ ಅಣ್ಣಾ" ಅಂದರೆ ಒಪ್ಪಬೇಡಿ. ಎನ್‌ವಿಡಿಯಾದವರೇ 5060ಕ್ಕೆ 550 ವ್ಯಾಟ್, 5060 ಟಿಐಗೆ 600 ವ್ಯಾಟ್ ಎಸ್‌ಎಂಪಿಎಸ್ ಇರಲಿ ಅನ್ನುತ್ತಾರೆ. ಎಸ್‌ಎಂಪಿಎಸ್ ಬದಲಿಸೋಕೆ ಆಗದ ಹಳೇ ಆಫೀಸ್ ಸಿಸ್ಟಂ ಇದ್ದರೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಇದೆ. ಅದು 70 ವ್ಯಾಟ್ ಮಾತ್ರ, ಸಾಮಾನ್ಯವಾಗಿ ಬೇರೆ ವೈರ್ ಬೇಕಿಲ್ಲ. ಇಲ್ಲೂ ಹೆಸರಿನ ಆಟ ಇದೆ: ಅದೇ 3050ರ 8 ಜಿಬಿ ಮಾದರಿ ಇದಕ್ಕಿಂತ ವೇಗದ್ದು, ಆದರೆ ಅದಕ್ಕೆ ಬೇರೆ ಪವರ್ ವೈರ್ ಬೇಕು.

ಸೆಕೆಂಡ್ ಹ್ಯಾಂಡ್ ಅಂದರೆ ಹುಷಾರು

ಹೊಸದು ತುಟ್ಟಿ ಆದಾಗ ಸೆಕೆಂಡ್ ಹ್ಯಾಂಡ್ ಕಡೆ ಜನ ತಿರುಗೋದು ಸಹಜ. ವಾಟ್ಸಾಪ್ ಗ್ರೂಪುಗಳಲ್ಲಿ ಜಿಟಿಎಕ್ಸ್ 1050 ಟಿಐ, 1060, 1070 ಕಾರ್ಡುಗಳ ಫೋಟೊ ಓಡಾಡುತ್ತವೆ. ಈ 10 ಸರಣಿಗೆ ಎನ್‌ವಿಡಿಯಾ 2025ರ ಅಕ್ಟೋಬರಿನಲ್ಲೇ ಹೊಸ ಗೇಮ್ ಡ್ರೈವರ್ ಕೊಡೋದನ್ನ ಮುಗಿಸಿದೆ. ಇನ್ನು 2028ರ ಅಕ್ಟೋಬರ್ ತನಕ ಬರೀ ಭದ್ರತಾ ಅಪ್‌ಡೇಟ್. ಜಿಟಿಎಕ್ಸ್ 1650, 1660 ಇದಕ್ಕೆ ಸೇರಿಲ್ಲ. ಹಳೇ ಕಾರ್ಡ್ ಇದ್ದವರು ಎಸೆಯಬೇಕಿಲ್ಲ, ಓಡೋ ತನಕ ಓಡಿಸಿ. ಆದರೆ ದುಡ್ಡು ಕೊಟ್ಟು ಹೊಸದಾಗಿ 10 ಸರಣಿ ತಗೋಬೇಡಿ.

ತಗೊಳ್ಳೋದೇ ಆದರೆ ಕಾರ್ಡನ್ನ ನಿಮ್ಮ ಕಣ್ಣೆದುರಿಗೆ ಅರ್ಧ ಗಂಟೆ ಲೋಡ್ ಹಾಕಿ ಓಡಿಸಿ. ಫ್ಯಾನ್ ಸದ್ದು, ಸ್ಕ್ರೀನ್ ಮೇಲೆ ಚುಕ್ಕಿ ಗೆರೆ ಬರುತ್ತಾ ನೋಡಿ. ಸೀರಿಯಲ್ ನಂಬರ್ ಸ್ಟಿಕ್ಕರ್ ಇರಬೇಕು, ಹಳೇ ಬಿಲ್ ಇದ್ದರೆ ಇನ್ನೂ ಒಳ್ಳೇದು.

ಇಲ್ಲೇ ತಗೊಳ್ಳೋದಾ, ಬೆಂಗಳೂರಿಗೆ ಹೋಗೋದಾ?

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ರೇಟು ಸ್ವಲ್ಪ ಕಮ್ಮಿ ಸಿಗಬಹುದು, ಆನ್‌ಲೈನಲ್ಲೂ ಸಿಗಬಹುದು. ಆದರೆ ಹೋಗಿಬರೋ ಖರ್ಚು, ಒಂದು ದಿನದ ಕೆಲಸ ಕೂಡಿಸಿ ನೋಡಿ. ಕಾರ್ಡ್ ಕೆಟ್ಟರೆ ಸರ್ವಿಸ್ ಸೆಂಟರಿಗೆ ಯಾರು ಕಳಿಸ್ತಾರೆ ಅನ್ನೋದೂ ಮುಖ್ಯ. ನಮ್ಮೂರ ಅಂಗಡಿಯವರು "ನಾವೇ ಕಳಿಸಿ ತರಿಸಿ ಕೊಡ್ತೀವಿ" ಅಂತ ಬಿಲ್ ಮೇಲೆ ಬರೆದುಕೊಟ್ಟರೆ ಸಣ್ಣ ವ್ಯತ್ಯಾಸಕ್ಕೆ ಊರು ಬಿಟ್ಟು ಹೋಗಬೇಕಿಲ್ಲ. ಬರೆದುಕೊಡಲ್ಲ ಅಂದರೆ ಆ ಮಾತಿಗೆ ಬೆಲೆ ಇಲ್ಲ.

"ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ" ಅನ್ನೋ ಮಾತಿಗೆ ಮರುಳಾಗಬೇಡಿ. ಕಾರ್ಡಿಗೆ ಜಿಎಸ್‌ಟಿ ಶೇ 18. ತೆರಿಗೆ ಸೇರಿ 30,000 ರೂಪಾಯಿಯ ಕಾರ್ಡಲ್ಲಿ ಸುಮಾರು 4,576 ರೂಪಾಯಿ ತೆರಿಗೆ ಇರುತ್ತೆ. ಬಿಲ್ ಇಲ್ಲದಿದ್ದರೆ ಆ ದುಡ್ಡು ಉಳಿದ ಹಾಗೆ ಕಂಡರೂ ವಾರಂಟಿ ಕೇಳೋಕೆ ಕೈಯಲ್ಲಿ ಏನೂ ಇರಲ್ಲ. ಜಿಎಸ್‌ಟಿ ನೋಂದಣಿ ಇರೋ ಸ್ಟುಡಿಯೊದವರಂತೂ ತಮ್ಮ ನಂಬರ್ ಹಾಕಿಸಿ ಬಿಲ್ ತಗೊಂಡರೆ ಆ ತೆರಿಗೆಯನ್ನ ಇನ್‌ಪುಟ್ ಕ್ರೆಡಿಟ್ ಆಗಿ ಹಿಡಿದುಕೊಳ್ಳಬಹುದು. ಕಾಂಪೊಸಿಷನ್ ಸ್ಕೀಮಿನಲ್ಲಿ ಇರೋರಿಗೆ ಮಾತ್ರ ಇದು ಸಿಗಲ್ಲ. ಬಿಲ್ ಮೇಲೆ ಕಾರ್ಡಿನ ಪೂರ್ತಿ ಹೆಸರು, ಎಷ್ಟು ಜಿಬಿ, ಸೀರಿಯಲ್ ನಂಬರ್ ಮೂರೂ ಬರೆಸಿಕೊಳ್ಳಿ.

ಕೊನೇ ಮಾತು

ರೇಟು ಏರೋ ಕಾಲದಲ್ಲಿ ಅಂಗಡಿಯ ಮುಂದೆ ನಿಂತವರಿಗೆ ಗಾಬರಿ ಜಾಸ್ತಿ. "ಸಂಜೆತನಕ ಅಷ್ಟೇ" ಅನ್ನೋ ಮಾತು ಕೇಳಿದರೆ ಯಾರಿಗಾದರೂ ಕೈ ಜೇಬಿಗೆ ಹೋಗುತ್ತೆ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ, ಅವರಿಗೂ ಡಿಸ್ಟ್ರಿಬ್ಯೂಟರ್ ಹಾಗೇ ಹೇಳಿರುತ್ತಾರೆ. ಆದರೆ ಆ ಗಡುವು ಅವರ ಸ್ಟಾಕಿನದ್ದು, ನಿಮ್ಮ ಮನೆಯ ಅಗತ್ಯದ್ದಲ್ಲ.

ದುಡಿಮೆಗೆ ಬೇಕಾದವರು ಈಗಲೇ ತಗೊಳ್ಳಿ, ಯುಪಿಎಸ್ ಮತ್ತು ಎಸ್‌ಎಂಪಿಎಸ್ ಸರಿ ಮಾಡಿಕೊಂಡು ತಗೊಳ್ಳಿ. ಓದೋ ಮಕ್ಕಳು ಕಾರ್ಡ್ ಇಲ್ಲದೆ ಶುರು ಮಾಡಿ, ಮುಂದೆ ಹಾಕಿಸೋಕೆ ಬೋರ್ಡಲ್ಲಿ, ಎಸ್‌ಎಂಪಿಎಸ್‌ನಲ್ಲಿ ಜಾಗ ಇಟ್ಟುಕೊಳ್ಳಿ. ಗೇಮಿಗೆ ಮಾತ್ರ ಅನ್ನೋರು ಇರೋ ಕಾರ್ಡಲ್ಲೇ ಇನ್ನೊಂದು ವರ್ಷ ತಳ್ಳೋಕೆ ನೋಡಿ. ಇಎಂಐ ಮೇಲೆ ತಗೊಂಡ ಕಾರ್ಡಿಗೆ ಕಂತು ಕಟ್ಟೋದು ಕೊನೆಗೆ ಅಪ್ಪ, ಅಮ್ಮನೇ.

ಅವತ್ತು ಪಿ.ಬಿ. ರಸ್ತೆಯಿಂದ ಆ ಯಜಮಾನ್ರು ಬರಿಗೈಲೇ ಎದ್ದರು. ಹೋಗುವಾಗ ಮಗನಿಗೆ ಅಂದಿದ್ದು ಇಷ್ಟೇ: "ಕಾಲೇಜಿನಾಗ ಸರ್ ಹತ್ರ ಕೇಳ್ಕಂಡ್ ಬಾ, ಬೇಕೇ ಬೇಕು ಅಂದ್ರೆ ಮುಂದಿನ ವಾರ ಬರಾಣ."